ನೇಪಿಯರ್ ಹುಲ್ಲಿನ ಸುಳಿಯಿಂದ ಲ್ಯಾಬಿನಲ್ಲಿ ಗಿಡ ಎಬ್ಬಿಸುವುದು ಹೇಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಸುಗಳಿಗೆ ಹಸಿ ಮೇವು ಬೇಕು ಅಂತ ಸಂಕರ ನೇಪಿಯರ್ ಹಾಕಲು ಹೊರಟವರಿಗೆ ಅಂಗಾಂಶ ಕೃಷಿಯ, ಅಂದರೆ ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸಿ ಗಿಡ ಎಬ್ಬಿಸುವ ವಿಧಾನದ, ಅಗತ್ಯವೇ ಇಲ್ಲ. ಪಕ್ಕದ ಊರಿನಲ್ಲಿ ಯಾರ ಹೊಲದಲ್ಲಾದರೂ ಸಿಒ-3, ಸಿಒ-4 ಅಥವಾ ಧಾರವಾಡದ ಡಿಎಚ್‌ಎನ್-6 ತಳಿ ಇದ್ದೇ ಇರುತ್ತದೆ. ಎರಡು ಗಿಣ್ಣಿರುವ ಕಾಂಡದ ತುಂಡು ತಂದು, ಒಂದು ಗಿಣ್ಣು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ನೆಟ್ಟರೆ ಆಯಿತು. ಅಷ್ಟು ಸುಲಭವಾಗಿ ಬರುವ ಹುಲ್ಲನ್ನು ಬಾಟಲಿಯಲ್ಲಿ ತಿಂಗಳುಗಟ್ಟಲೆ ಸಾಕುವುದು ಸುಮ್ನೆ ಖರ್ಚು.

ಹಾಗಾದರೆ ಯಾರಿಗೆ ಬೇಕು? ತಳಿ ಸುಧಾರಣೆ ಮಾಡುವವರಿಗೆ ಬೇಕು. ಸಂಕರ ನೇಪಿಯರ್ ಅಂದರೆ ಸಜ್ಜೆ ಮತ್ತು ಆನೆ ಹುಲ್ಲಿನ (ನೇಪಿಯರ್ ಅಂದರೂ ಇದೇ) ಮಗು. ಸಜ್ಜೆಗೆ 14 ವರ್ಣತಂತುಗಳು (ಕ್ರೋಮೋಸೋಮ್), ಆನೆ ಹುಲ್ಲಿಗೆ 28, ಎರಡೂ ಕೂಡಿ ಹುಟ್ಟಿದ ಸಂಕರಕ್ಕೆ 21. ಈ 21 ಸರಿಯಾಗಿ ಜೋಡಿ ಕಟ್ಟಲಾರವು, ಹಾಗಾಗಿ ಗಿಡ ಬಂಜೆ. ತೆನೆ ಬರುತ್ತದೆ, ಒಳಗೆ ಕಾಳಿರುವುದಿಲ್ಲ. ಬೀಜವೇ ಇಲ್ಲದ ಗಿಡವನ್ನು ಮುಂದೆ ಇನ್ನೊಂದರ ಜೊತೆ ಸಂಕರ ಮಾಡುವುದು ಹೇಗೆ ಹೇಳಿ? ಒಂದೋ ವರ್ಣತಂತುಗಳನ್ನು ದುಪ್ಪಟ್ಟು ಮಾಡಿ 42ಕ್ಕೆ ತರಬೇಕು, ಇಲ್ಲಾ ವಿಕಿರಣ ಕೊಟ್ಟು ಹೊಸ ಗುಣ ಹುಡುಕಬೇಕು. ಈ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ. ಅದು ದನದ ಮೈಗೆ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಕ್ಸಲೇಟ್ ಕಡಿಮೆ ಇರುವ ಗಿಡ ಬೇಕು ಅಂದರೆ ಇಂಥ ದಾರಿಯಲ್ಲೇ ಹುಡುಕಬೇಕಾಗುತ್ತದೆ. ಪೂರ್ವ ಆಫ್ರಿಕಾದಲ್ಲಿ, ಅದರಲ್ಲೂ ಕೀನ್ಯಾದಲ್ಲಿ, ನೇಪಿಯರ್ ಕುಬ್ಜ ರೋಗ ಹಾಲು ಉತ್ಪಾದಕರ ಮೇವಿನ ಹೊಲಗಳನ್ನೇ ತಿಂದುಹಾಕಿದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಕಾಟ ಅದು. ಕಾಂಡದ ತುಂಡಿನ ಜೊತೆಯಲ್ಲೇ ರೋಗ ಒಂದು ಹೊಲದಿಂದ ಇನ್ನೊಂದಕ್ಕೆ ಸಾಗುತ್ತದೆ. ಒಂದು ದೇಶದಿಂದ ಇನ್ನೊಂದಕ್ಕೆ ಶುದ್ಧ ತಳಿ ಕಳಿಸಬೇಕಾದಾಗ ಕಬ್ಬಿನ ಜಲ್ಲೆಯಂಥ ಕಾಂಡಕ್ಕಿಂತ, ಪರೀಕ್ಷೆ ಮಾಡಿದ ಬಾಟಲಿ ಸಸಿ ಎಷ್ಟೋ ಪಾಲು ಸುರಕ್ಷಿತ.

ಈ ಬರಹ ಅಂಥ ಕೆಲಸಕ್ಕೆ ಕೈಹಾಕಿರುವ ವಿದ್ಯಾರ್ಥಿಗಳಿಗೆ, ಲ್ಯಾಬಿನಲ್ಲಿ ಹೊಸದಾಗಿ ಸೇರಿದವರಿಗೆ. ಬಾಳೆಯ ಅಂಗಾಂಶ ಕೃಷಿ ಮಾಡಿ ಅಭ್ಯಾಸವಿರುವವರು ಸ್ವಲ್ಪ ಎಚ್ಚರ ವಹಿಸಿ. ಬಾಳೆಯಲ್ಲಿ ನಾವು ಮೊಗ್ಗನ್ನೇ ಹೆಚ್ಚಿಸುತ್ತಾ ಹೋಗುತ್ತೇವೆ. ಇಲ್ಲಿ ಎಲೆಯ ಚೂರಿನಿಂದ ಕ್ಯಾಲಸ್ (ಇನ್ನೂ ಬೇರು, ಎಲೆ ಎಂದು ಬೇರ್ಪಡದ ಜೀವಕೋಶಗಳ ಮುದ್ದೆ), ಕ್ಯಾಲಸ್‌ನಿಂದ ಭ್ರೂಣ, ಭ್ರೂಣದಿಂದ ಗಿಡ. ದಾರಿ ಬೇರೆ, ಕಣ್ಣಿಟ್ಟು ನೋಡಬೇಕಾದ ಜಾಗವೂ ಬೇರೆ.

ಸುಳಿ ಆರಿಸುವುದೇ ಅರ್ಧ ಕೆಲಸ

ಹುಲ್ಲಿನ ಜಾತಿಗೆ ಒಂದು ಹಟವಿದೆ. ತಂಬಾಕು, ಕ್ಯಾರೆಟ್ ಥರ ಯಾವ ಎಲೆ ಕೊಟ್ಟರೂ ಅವು ಕ್ಯಾಲಸ್ ಕಟ್ಟುವುದಿಲ್ಲ. ಬಲಿತ ಎಲೆಯ ಜೀವಕೋಶ ಮತ್ತೆ ಒಡೆಯಲು ಒಪ್ಪುವುದೇ ಇಲ್ಲ. ಇದರಿಂದಾಗಿ ಬಹಳ ಕಾಲ ಹುಲ್ಲು ಮತ್ತು ಧಾನ್ಯಗಳನ್ನು ಲ್ಯಾಬಿನಲ್ಲಿ ಪಳಗಿಸುವುದು ಕಷ್ಟ ಅಂತಲೇ ಎಲ್ಲರೂ ನಂಬಿದ್ದರು. 1980ರ ದಶಕದ ಆರಂಭದಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಇಂದ್ರ ವಸಿಲ್, ವಿಮ್ಲಾ ವಸಿಲ್ ಮತ್ತು ಜೊತೆಗಾರರು ಸಜ್ಜೆ, ಗಿನಿ ಹುಲ್ಲು, ಆನೆ ಹುಲ್ಲು ಎಲ್ಲದರಲ್ಲೂ ಗಿಡ ಎಬ್ಬಿಸಿ ತೋರಿಸಿದರು. ಅವರು ಹಿಡಿದ ದಾರಿ ಸರಳ: ಇನ್ನೂ ಎಳೆಯದಾದ, ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಭಾಗವನ್ನೇ ತೆಗೆದುಕೊಳ್ಳುವುದು. ನಮ್ಮ ಸಂಕರ ನೇಪಿಯರ್‌ನ ಮೇಲೂ ಅದೇ ತಂಡ ಕೆಲಸ ಮಾಡಿದೆ.

ನಮಗೆ ಸಿಗುವ ಎಳೆಯ ಭಾಗ ಎರಡು. ಒಂದು, ಸುಳಿಯೊಳಗೆ ಸುತ್ತಿಕೊಂಡಿರುವ ಎಳೆ ಎಲೆಗಳ ಬುಡ. ಇನ್ನೊಂದು, ಇನ್ನೂ ಹೊರಗೆ ಬಾರದ, ಗರಿಯೊಳಗೇ ಅಡಗಿರುವ ಎಳೆ ತೆನೆ. ತೆನೆ ಕೈಗೆ ಸಿಕ್ಕರೆ ಅದೇ ಒಳ್ಳೆಯದು, ಬೇಗ ಕ್ಯಾಲಸ್ ಕಟ್ಟುತ್ತದೆ. ಆದರೆ ಹಗಲು ಚಿಕ್ಕದಾಗುವ ಕಾಲದಲ್ಲೇ ಈ ಹುಲ್ಲು ಹೂ ಬಿಡುವುದು. ಹಾಗಾಗಿ ಚಳಿಗಾಲದ ಆಸುಪಾಸು ಬಿಟ್ಟರೆ ತೆನೆಗೆ ಕಾಯುವುದು ವ್ಯರ್ಥ. ಸುಳಿ ವರ್ಷವಿಡೀ ಸಿಗುತ್ತದೆ. ಅದನ್ನೇ ಹಿಡಿದು ಹೇಳುತ್ತೇನೆ.

ಕೊಯ್ಲಾದ ಮೇಲೆ ಹೊಸದಾಗಿ ಚಿಗುರಿ ಒಂದೂವರೆ, ಎರಡು ತಿಂಗಳಾದ, ಚೆನ್ನಾಗಿ ನೀರು ಗೊಬ್ಬರ ಕಂಡ ತೆಂಡೆ (ಬುಡದಿಂದ ಎದ್ದ ಮರಿ) ಆರಿಸಿ. ರೋಗ ಇರಬಾರದು, ಎಲೆ ಹಳದಿ ಇರಬಾರದು. ಹಿಂದಿನ ದಿನ ಮಳೆ ಬಂದಿದ್ದರೆ ಅಥವಾ ತುಂತುರು ನೀರು ಬಿಟ್ಟಿದ್ದರೆ ಎರಡು ಮೂರು ದಿನ ತಡೆಯಿರಿ. ಸುಳಿಯೊಳಗೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತದೆ, ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ತೆಂಡೆಯನ್ನು ಬುಡಕ್ಕೆ ಕೊಯ್ದು, ಮೇಲಿನ ಅಗಲ ಎಲೆಗಳನ್ನು ಕತ್ತರಿಸಿ, ಸುಳಿ ಇರುವ ಒಂದು ಗೇಣು ಉದ್ದ ಮಾತ್ರ ಉಳಿಸಿಕೊಂಡು ಲ್ಯಾಬಿಗೆ ತನ್ನಿ. ತಂದ ದಿನವೇ ಕೆಲಸ ಶುರು ಮಾಡಿ, ಫ್ರಿಜ್ಜಿನಲ್ಲಿಟ್ಟು ನಾಳೆಗೆ ಎನ್ನಬೇಡಿ.

ಒಳಗಿನ ಎಳೆ ಎಲೆಗಳು ಹೊರಗಿನ ಗಾಳಿಯನ್ನೇ ಕಂಡಿರುವುದಿಲ್ಲ, ಹಾಗಾಗಿ ಅವು ಬಹುಪಾಲು ಶುದ್ಧವಾಗಿಯೇ ಇರುತ್ತವೆ. ನಾವು ಮಾಡಬೇಕಿರುವುದು ಹೊರಗಿನ ಕೊಳೆ ಒಳಗೆ ಹೋಗದಂತೆ ನೋಡಿಕೊಳ್ಳುವುದು. ಹರಿಯುವ ನೀರಿನಲ್ಲಿ ಅರ್ಧ ಗಂಟೆ ಇಡಿ. ಹೊರಗಿನ ಎರಡು ಮೂರು ಹೊದಿಕೆ ಎಲೆ ಬಿಚ್ಚಿ ಎಸೆಯಿರಿ. ಶೇ 70ರ ಆಲ್ಕೋಹಾಲ್‌ನಲ್ಲಿ ಒಂದು ನಿಮಿಷ ಅದ್ದಿ. ಆಮೇಲೆ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್. ಅಂಗಡಿಯದ್ದಕ್ಕೆ ನೀರು ಸೇರಿಸಿ ಕ್ಲೋರಿನ್ ಶೇ 1ರಿಂದ 1.5 ಇರುವ ಹಾಗೆ ಮಾಡಿ, ಎರಡು ಹನಿ ಟ್ವೀನ್-20 (ದ್ರಾವಣ ಚೆನ್ನಾಗಿ ಅಂಟಲು ಹಾಕುವ ಸಾಬೂನಿನಂಥ ದ್ರವ) ಹಾಕಿ, 10ರಿಂದ 15 ನಿಮಿಷ ಅಲ್ಲಾಡಿಸುತ್ತಾ ಇಡಿ. ಉಳಿದದ್ದೆಲ್ಲ ಲ್ಯಾಮಿನಾರ್ ಏರ್‌ಫ್ಲೋ (ಸೋಸಿದ ಶುದ್ಧ ಗಾಳಿ ಬೀಸುವ ಪೆಟ್ಟಿಗೆ) ಒಳಗೆ: ಶುದ್ಧ ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ.

ಹಳೆಯ ವಿಧಾನಗಳಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಅಂತ ಬರೆದಿರುತ್ತದೆ. ದಯವಿಟ್ಟು ಬೇಡ. ಅದು ಪಾದರಸದ ವಿಷ. ತೊಳೆದ ನೀರನ್ನು ಸಿಂಕಿಗೆ ಚೆಲ್ಲಿದರೆ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಸುಳಿಯ ಕೆಲಸಕ್ಕೆ ಬ್ಲೀಚ್ ಧಾರಾಳ ಸಾಕು. ಇನ್ನೊಂದು ಎಚ್ಚರಿಕೆ: ಕೈಗೆ, ಗ್ಲೌಸಿಗೆ ಸ್ಪಿರಿಟ್ ಹಚ್ಚಿಕೊಂಡು ಅದು ಆರುವ ಮೊದಲೇ ದೀಪದ ಹತ್ತಿರ ಹೋಗಬೇಡಿ. ಸ್ಪಿರಿಟ್‌ನ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ.

ಈಗ ಸುಳಿ ಬಿಚ್ಚುವ ಕೆಲಸ. ಪ್ರತಿ ಹೊದಿಕೆಯ ಬುಡದಲ್ಲಿ ಬ್ಲೇಡಿನಿಂದ ಒಂದು ಸುತ್ತು ಗೀಚಿ, ಚಿಮುಟದಿಂದ ಹಿಡಿದು ಕೆಳಗೆಳೆದರೆ ಸಿಪ್ಪೆ ಪೂರ್ತಿ ಬರುತ್ತದೆ. ಎರಡು ಹೊದಿಕೆ ತೆಗೆದ ಮೇಲೆ ಚಿಮುಟ, ಬ್ಲೇಡ್ ಬದಲಿಸಿ, ಇಲ್ಲವೇ ಮತ್ತೆ ಸುಟ್ಟು ಆರಿಸಿ. ಹೊರಗಿನ ಹೊದಿಕೆ ಹಸಿರು, ಅದರ ಒಳಗಿನದು ತಿಳಿ ಹಸಿರು, ಆಮೇಲೆ ಹಳದಿ ಮಿಶ್ರಿತ ಬಿಳಿ. ಬೆರಳು ತಾಗದೆಯೇ ಗೊತ್ತಾಗುತ್ತದೆ ಎಷ್ಟು ಮೆದು ಅಂತ, ಬ್ಲೇಡ್ ತನ್ನಷ್ಟಕ್ಕೆ ಇಳಿಯುತ್ತದೆ. ಪೆನ್ಸಿಲ್ಲಿಗಿಂತ ತೆಳ್ಳಗಿನ ಆ ಬಿಳಿ ಸುರುಳಿ ಬಂದಲ್ಲಿ ನಿಲ್ಲಿಸಿ. ಬೆಳೆಯುವ ತುದಿಯ ಮೇಲಿನಿಂದ ಎರಡು ಮೂರು ಸೆಂಟಿಮೀಟರ್ ಮಾತ್ರ ನಮಗೆ ಬೇಕಾದದ್ದು. ಅದನ್ನು 2ರಿಂದ 3 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ. ಕೆಳಗಿನ ಬಿಲ್ಲೆ ಒಂದನೆಯದು, ಅದರ ಮೇಲಿನದು ಎರಡನೆಯದು, ಹೀಗೆ ಕ್ರಮದಲ್ಲೇ ಮಾಧ್ಯಮದ (ಬಾಟಲಿಯಲ್ಲಿ ಗಿಡಕ್ಕೆ ಕೊಡುವ ಆಹಾರ, ಮುಂದೆ ಹೇಳುತ್ತೇನೆ) ಮೇಲೆ ಇಡುತ್ತಾ ಬಾಟಲಿಗೆ ಗುರುತು ಹಾಕಿ. ಯಾಕೆಂದರೆ ತುದಿಗೆ ಹತ್ತಿರವಿರುವವು ಚೆನ್ನಾಗಿ ಕ್ಯಾಲಸ್ ಕಟ್ಟುತ್ತವೆ, ಮೇಲೆ ಮೇಲೆ ಹೋದ ಹಾಗೆ ಕಡಿಮೆಯಾಗುತ್ತಾ ಹೋಗಿ ಕೊನೆಗೆ ಏನೂ ಆಗುವುದಿಲ್ಲ. ಈ ಇಳಿಜಾರು ಪ್ರತಿ ತಳಿಗೂ ಸ್ವಲ್ಪ ಬೇರೆ. ನಿಮ್ಮ ತಳಿಯಲ್ಲಿ ಎಲ್ಲಿಯವರೆಗೆ ಪ್ರಯೋಜನ ಅಂತ ಗುರುತಿಟ್ಟ ಬಾಟಲಿಗಳೇ ಹೇಳುತ್ತವೆ. ಆಮೇಲೆ ಅಷ್ಟು ಮಾತ್ರ ಕತ್ತರಿಸಿದರೆ ಮಾಧ್ಯಮ ಉಳಿಯುತ್ತದೆ.

ಮಾಧ್ಯಮ

ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು 1962ರಲ್ಲಿ ತಂಬಾಕಿಗಾಗಿ ಮಾಡಿದ ಮಾಧ್ಯಮವನ್ನೇ ಇವತ್ತಿಗೂ ಎಂಎಸ್ ಅಂತ ಎಲ್ಲರೂ ಬಳಸುತ್ತಾರೆ, ಹುಲ್ಲಿಗೂ ಅದೇ ಹೊಂದುತ್ತದೆ. ರೆಡಿ ಪುಡಿ ಸಿಗುತ್ತದೆ. ಲೀಟರಿಗೆ ಸುಮಾರು 4.4 ಗ್ರಾಂ. ಆದರೆ ಪ್ಯಾಕೆಟ್ ಓದಿ. ಕೆಲವದರಲ್ಲಿ ಸಕ್ಕರೆ, ಅಗಾರ್ (ಮಾಧ್ಯಮ ಗಟ್ಟಿ ಮಾಡುವ ಪುಡಿ) ಸೇರಿಸಿರುತ್ತಾರೆ, ಕೆಲವದರಲ್ಲಿ ವಿಟಮಿನ್ ಇರುವುದಿಲ್ಲ. ಇದಕ್ಕೆ ಸುಕ್ರೋಸ್ 30 ಗ್ರಾಂ, ಅಗಾರ್ 8 ಗ್ರಾಂ. ಪಿಎಚ್ 5.8ಕ್ಕೆ ತಂದ ಮೇಲೆ ಅಗಾರ್ ಹಾಕಿ. ಪಿಎಚ್ 5ಕ್ಕಿಂತ ಕೆಳಗೆ ಜಾರಿದರೆ ಅಗಾರ್ ಗಟ್ಟಿಯಾಗದೆ ಗಂಜಿಯಾಗಿಯೇ ಉಳಿಯುತ್ತದೆ. 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವುದು).

ಮುಖ್ಯ ಪಾತ್ರ 2,4-ಡಿಯದು. ಹೌದು, ಜೋಳದ ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಿ ಅಗಲ ಎಲೆಯ ಕಳೆ ಸಾಯಿಸಲು ಹೊಡೆಯುತ್ತಾರಲ್ಲ, ಅದೇ 2,4-ಡಿ. ಅಗಲ ಎಲೆಯ ಕಳೆ ಸಾಯುತ್ತದೆ, ಹುಲ್ಲಿನ ಜಾತಿಯ ಬೆಳೆ ತಡೆದುಕೊಳ್ಳುತ್ತದೆ. ಬಾಟಲಿಯೊಳಗೆ ತುಂಬಾ ಚಿಕ್ಕ ಪ್ರಮಾಣದಲ್ಲಿ ಕೊಟ್ಟರೆ ಅದು ಎಳೆ ಜೀವಕೋಶಗಳನ್ನು ಒಡೆದು ಹೆಚ್ಚುವಂತೆ ಮಾಡುತ್ತದೆ. 100 ಮಿಲಿಗ್ರಾಂ ತೂಗಿ, ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಿ, ನಿಧಾನಕ್ಕೆ ನೀರು ಸೇರಿಸಿ 100 ಮಿಲಿಗೆ ತನ್ನಿ. ಆಗ ಒಂದು ಮಿಲಿಯಲ್ಲಿ ಒಂದು ಮಿಲಿಗ್ರಾಂ, ಲೆಕ್ಕ ಸುಲಭ. ನೇರ ನೀರಿಗೆ ಹಾಕಿದರೆ ಕರಗುವುದಿಲ್ಲ, ತಳದಲ್ಲಿ ಕೂತುಬಿಡುತ್ತದೆ. ಲೀಟರ್ ಮಾಧ್ಯಮಕ್ಕೆ 2 ಮಿಲಿಗ್ರಾಂನಿಂದ ಶುರು ಮಾಡಿ. ಜೊತೆಗೆ 1 ಮತ್ತು 3 ಮಿಲಿಗ್ರಾಂನವು ಕೆಲವು ಬಾಟಲಿ ಇರಲಿ. ಯಾಕೆಂದರೆ ಒಂದು ತಳಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ, ಇದನ್ನು ಓದಿ ತಿಳಿಯಲು ಆಗುವುದಿಲ್ಲ, ಇಟ್ಟೇ ನೋಡಬೇಕು. ಬಿಎಪಿ (ಚಿಗುರು ಎಬ್ಬಿಸುವ ಹಾರ್ಮೋನ್) ಸ್ವಲ್ಪ ಸೇರಿಸಬಹುದು, 0.2ರಿಂದ 0.5 ಮಿಲಿಗ್ರಾಂ. ಅದನ್ನು ಒಂದೆರಡು ಹನಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿಕೊಳ್ಳಿ.

ಎಳನೀರು ಹಾಕುವ ಪದ್ಧತಿಯೂ ಇದೆ, ಲೀಟರಿಗೆ 50 ಮಿಲಿ. 1941ರಲ್ಲೇ ದತ್ತೂರದ ಎಳೆ ಭ್ರೂಣ ಬೆಳೆಸಲು ತೆಂಗಿನ ನೀರು ಬಳಸಿದ್ದರು, ಫ್ಲಾರಿಡಾದವರೂ ಹುಲ್ಲಿಗೆ ಬಳಸಿದರು. ಕ್ಯಾಲಸ್ ದಷ್ಟಪುಷ್ಟವಾಗಿ ಬರುತ್ತದೆ. ಆದರೆ ಪ್ರತಿ ಕಾಯಿಯ ನೀರೂ ಬೇರೆ, ಹಾಗಾಗಿ ಫಲಿತಾಂಶವನ್ನು ಪ್ರಬಂಧಕ್ಕೆ ಬರೆಯುವವರು ಹತ್ತಾರು ಕಾಯಿಯ ನೀರನ್ನು ಒಟ್ಟಿಗೆ ಸೋಸಿ, ಬೆರೆಸಿ, ಫ್ರೀಜರಿನಲ್ಲಿಟ್ಟು ಅದನ್ನೇ ಕೊನೆಯವರೆಗೂ ಬಳಸಿ.

ಯಾವ ಕ್ಯಾಲಸ್ ಉಳಿಸಬೇಕು, ಯಾವುದು ಎಸೆಯಬೇಕು

ಬಾಟಲಿಗಳನ್ನು ಕತ್ತಲಲ್ಲಿ, 25ರಿಂದ 27 ಡಿಗ್ರಿಯಲ್ಲಿ ಇಡಿ. ವಾರದೊಳಗೆ ಬಿಲ್ಲೆಗಳು ಉಬ್ಬುತ್ತವೆ, ಸುರುಳಿ ಬಿಚ್ಚಿಕೊಳ್ಳುತ್ತವೆ. ಕೆಲವು ಕತ್ತರಿಸಿದ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಮಾಧ್ಯಮಕ್ಕೂ ಬಣ್ಣ ಬಿಡುತ್ತವೆ. ಗಾಯದಿಂದ ಬರುವ ಫೀನಾಲ್ ಅದು. ಮೊದಲ ವಾರದಲ್ಲೇ ಹೊಸ ಮಾಧ್ಯಮಕ್ಕೆ ವರ್ಗಾಯಿಸಿದರೆ ಬಹಳಷ್ಟು ಉಳಿಯುತ್ತವೆ. ಫೀನಾಲ್ ಹೀರುವ ಪಿವಿಪಿ ಅಥವಾ ಆಸ್ಕಾರ್ಬಿಕ್ ಆಮ್ಲವೂ ಸಹಾಯ ಮಾಡುತ್ತದೆ. ಇದ್ದಿಲು ಪುಡಿಯನ್ನು ಮಾತ್ರ ಈ ಹಂತದಲ್ಲಿ ಹಾಕಬೇಡಿ. ಅದು ಫೀನಾಲ್ ಜೊತೆ ನಿಮ್ಮ 2,4-ಡಿಯನ್ನೂ ಹೀರಿಕೊಂಡುಬಿಡುತ್ತದೆ.

ಎರಡು ಮೂರು ವಾರಕ್ಕೆ ಕ್ಯಾಲಸ್ ಕಾಣುತ್ತದೆ. ಇಲ್ಲಿ ಎಲ್ಲರೂ ಖುಷಿಪಟ್ಟು, ಬಾಟಲಿ ತುಂಬಿಕೊಂಡದ್ದೆಲ್ಲ ಲಾಭ ಎಂದುಕೊಳ್ಳುತ್ತಾರೆ. ಖುಷಿ ಪಡುವ ಮೊದಲು ಸ್ಟೀರಿಯೋ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿ. ಒಂದೇ ಬಿಲ್ಲೆಯ ಮೇಲೆ ಎರಡು ಬಗೆ ಇರುತ್ತದೆ. ಮೊದಲನೆಯದು ನೆನೆಸಿಟ್ಟ ಸಬ್ಬಕ್ಕಿಯ ಹಾಗೆ ಅರೆಪಾರದರ್ಶಕ, ನೀರು ನೀರು, ಚಿಮುಟ ತಾಗಿಸಿದರೆ ಅಂಟುತ್ತದೆ. ಇದು ಬೇಗ ಬೆಳೆಯುತ್ತದೆ, ಬಾಟಲಿ ತುಂಬುತ್ತದೆ, ಆದರೆ ಇದರಿಂದ ಬೇರು ಬಂದರೆ ಬಂತು, ಗಿಡ ಬರುವುದಿಲ್ಲ. ಎರಡನೆಯದು ಬಿಳಿ ಅಥವಾ ತಿಳಿ ಹಳದಿ, ಗಟ್ಟಿ, ಒಣಗಿದ ಹಾಗೆ ಕಾಣುವ ಗಂಟು ಗಂಟಾದ ಮೇಲ್ಮೈ, ಬೆಳಕು ಬಿದ್ದರೆ ಗಂಟುಗಳ ತುದಿ ಸ್ವಲ್ಪ ಹೊಳೆಯುತ್ತದೆ. ನಿಧಾನಕ್ಕೆ ಬೆಳೆಯುತ್ತದೆ. ನಮಗೆ ಬೇಕಿರುವುದು ಇದು. ಆ ಒಂದೊಂದು ಗಂಟೂ ಭ್ರೂಣವಾಗುವ ದಾರಿಯಲ್ಲಿದೆ. ಇನ್ನೂ ಹತ್ತಿರದಿಂದ ನೋಡಿದರೆ ಕೆಲವು ಗಂಟುಗಳ ಒಂದು ಪಕ್ಕ ಚಪ್ಪಟೆಯಾಗಿ, ನಡುವೆ ಸಣ್ಣ ಕಚ್ಚು ಬಿದ್ದಿರುತ್ತದೆ. ಸಜ್ಜೆ ಕಾಳಿನೊಳಗಿನ ಮೊಳಕೆ ಹೇಗಿರುತ್ತದೋ ಅದೇ ಆಕಾರ. ಚಿಗುರು ಆ ಕಚ್ಚಿನಿಂದಲೇ ಏಳುವುದು.

ಮೂರು ವಾರಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ಹಾಕುವಾಗ ಎರಡನೆಯ ಬಗೆಯನ್ನಷ್ಟೇ ಚಿಮುಟದ ತುದಿಯಿಂದ ಬಿಡಿಸಿ ಎತ್ತಿಕೊಳ್ಳಿ. ನೀರು ಕ್ಯಾಲಸ್ ಎಷ್ಟೇ ಇದ್ದರೂ ಎಸೆಯಿರಿ. ಕೈ ಬರುವುದಿಲ್ಲ ನಿಜ, ಅಷ್ಟು ದಿನ ಸಾಕಿರುತ್ತೇವೆ ಅಲ್ವಾ, ಆದರೂ ಎಸೆಯಿರಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಬೇಗ ಬೆಳೆಯುವುದು ನಿಧಾನದ್ದನ್ನು ಮುಚ್ಚಿಹಾಕುತ್ತದೆ, ಮೂರ್ನಾಲ್ಕು ವರ್ಗಾವಣೆ ಆಗುವಷ್ಟರಲ್ಲಿ ನಿಮ್ಮ ಹತ್ತಿರ ರಾಶಿ ಕ್ಯಾಲಸ್ ಇರುತ್ತದೆ, ಒಂದು ಗಿಡವೂ ಬರುವುದಿಲ್ಲ. ಗಿಡ ಬರಲಿಲ್ಲ ಅಂತ ಹಾರ್ಮೋನ್ ಬದಲಿಸುತ್ತಾ ಕೂರುವವರನ್ನು ನೋಡಿದಾಗಲೆಲ್ಲ ನನಗೆ ಅನಿಸುವುದು ಇದೇ: ತಪ್ಪು ಮಾಧ್ಯಮದಲ್ಲಿರುವುದು ಕಡಿಮೆ, ಆರಿಸುವ ಕಣ್ಣಿನಲ್ಲಿರುವುದು ಜಾಸ್ತಿ.

ತುಂಬಾ ತಿಂಗಳು ಕ್ಯಾಲಸ್ ಆಗಿಯೇ ಇಟ್ಟುಕೊಳ್ಳಬೇಡಿ. ಹಳತಾದಷ್ಟೂ ಗಿಡ ಎಬ್ಬಿಸುವ ಶಕ್ತಿ ಕುಗ್ಗುತ್ತದೆ, ವರ್ಣತಂತುಗಳಲ್ಲಿ ಏರುಪೇರಾಗುತ್ತದೆ, ಬಿಳಿಚಿದ ಸಸಿಗಳು ಹೆಚ್ಚುತ್ತವೆ. ವಿಕಿರಣ ಕೊಡುವುದಿದ್ದರೆ, ಕಾಲ್ಚಿಸಿನ್ ಕೊಟ್ಟು 21ನ್ನು 42 ಮಾಡುವುದಿದ್ದರೆ, ಕ್ಯಾಲಸ್ ಹೊಸದಾಗಿರುವಾಗಲೇ ಮಾಡಿ. ಕಾಲ್ಚಿಸಿನ್ ಬಲವಾದ ವಿಷ. ಪುಡಿಯನ್ನು ಮಾಸ್ಕ್, ಗ್ಲೌಸ್ ಇಲ್ಲದೆ ತೂಗಲೇಬೇಡಿ, ಒಬ್ಬರೇ ಇರುವಾಗ ಮಾಡಬೇಡಿ.

ಹಸಿರಾಗುವುದು, ಬೇರು ಬಿಡುವುದು

ಗಂಟು ಕ್ಯಾಲಸ್‌ನ ಸಣ್ಣ ಸಣ್ಣ ತುಣುಕುಗಳನ್ನು 2,4-ಡಿ ಇಲ್ಲದ ಎಂಎಸ್‌ಗೆ ಹಾಕಿ, ಬಿಎಪಿ ಅಥವಾ ಅದೇ ಜಾತಿಯ ಕೈನೆಟಿನ್ 0.5ರಿಂದ 1 ಮಿಲಿಗ್ರಾಂ ಕೊಡಿ. 2,4-ಡಿ ಇರುವವರೆಗೂ ಭ್ರೂಣ ಮುಂದಕ್ಕೆ ಹೋಗದೆ ನಿಂತಿರುತ್ತದೆ, ಅದನ್ನು ತೆಗೆದರೆ ಮೊಳೆಯುತ್ತದೆ. ದಿನಕ್ಕೆ 16 ಗಂಟೆ ಬೆಳಕು, 2000ದಿಂದ 3000 ಲಕ್ಸ್ ಸಾಕು. ವಾರ, ಹತ್ತು ದಿನದಲ್ಲಿ ಗಂಟುಗಳ ಮೇಲೆ ಹಸಿರು ಚುಕ್ಕೆ ಕಾಣುತ್ತದೆ, ಮೂರ್ನಾಲ್ಕು ವಾರಕ್ಕೆ ಸೂಜಿಯಂಥ ಎಲೆ. ಪೂರ್ತಿ ಬೆಳ್ಳಗಿರುವ ಸಸಿ ಬಂದರೆ ಅದರ ಹಿಂದೆ ಬೀಳಬೇಡಿ, ಅದಕ್ಕೆ ಹರಿತ್ತು ಇಲ್ಲ, ಬಾಟಲಿಯ ಸಕ್ಕರೆ ಇರುವವರೆಗೆ ಮಾತ್ರ ಬದುಕು.

ಬೇರಿನ ಚಿಂತೆ ಬೇಡ. ಅರ್ಧ ಪ್ರಮಾಣದ ಎಂಎಸ್‌ಗೆ ಹಾಕಿದರೆ ಹುಲ್ಲು ಹಾರ್ಮೋನ್ ಇಲ್ಲದೆಯೂ ಬೇರು ಬಿಡುತ್ತದೆ. ಸೋಮಾರಿ ಸಸಿಗಳಿಗೆ ಬೇರು ಬಿಡಿಸುವ ಹಾರ್ಮೋನ್ ಐಬಿಎ 0.5 ಮಿಲಿಗ್ರಾಂ.

ಹೊರಗೆ ತರುವುದು

ಸಸಿ ಒಂದು ಬೆರಳುದ್ದ ಆಗಿ, ಮೂರ್ನಾಲ್ಕು ಬಿಳಿ ಬೇರು ಬಂದ ಮೇಲೆ ಹೊರಗೆ ತನ್ನಿ. ಬಾಟಲಿಯೊಳಗೆ ಬೆಳೆದ ಎಲೆಗೆ ಮೇಣದ ಹೊದಿಕೆ ಸರಿಯಾಗಿ ಬಂದಿರುವುದಿಲ್ಲ, ನೀರು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಅದಕ್ಕೆ ಎರಡು ಮೂರು ದಿನ ಮುಚ್ಚಳ ಸಡಿಲ ಮಾಡಿ, ಕೋಣೆಯಲ್ಲೇ ಇಡಿ. ಆಮೇಲೆ ಬೇರಿಗೆ ಅಂಟಿದ ಅಗಾರ್ ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯಿರಿ. ಚೂರು ಉಳಿದರೂ ಅದರ ಸಕ್ಕರೆಗೆ ಬೂಷ್ಟು ಹಿಡಿದು ಬುಡ ಕೊಳೆಯುತ್ತದೆ. ತೊಳೆದ ತೆಂಗಿನ ನಾರಿನ ಪುಡಿ ಮತ್ತು ಮರಳು ಬೆರೆಸಿ ಪ್ರೋಟ್ರೇ ತುಂಬಿ, ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ ನೆರಳುಪರದೆಯ ಕೆಳಗಿಡಿ. ಮೊದಲ ವಾರ ಬಿಚ್ಚಬೇಡಿ. ಎರಡನೇ ವಾರದಿಂದ ಬೆಳಗ್ಗೆ, ಸಂಜೆ ಸ್ವಲ್ಪ ಸ್ವಲ್ಪ ಹೊತ್ತು ತೆರೆಯುತ್ತಾ ಹೋಗಿ. ಹೊಸ ಎಲೆ ಒಂದು ಪೂರ್ತಿ ಬಿಚ್ಚಿಕೊಂಡರೆ ಸಸಿ ಗೆದ್ದಿತು ಅಂತ ಲೆಕ್ಕ, ಹಳೆಯ ಎಲೆಗಳು ಒಣಗಿದರೂ ಪರವಾಗಿಲ್ಲ. ಬೇಸಿಗೆಯಲ್ಲಿ, ಅದರಲ್ಲೂ ಬಯಲುಸೀಮೆಯ ಬಿಸಿಗಾಳಿಯಲ್ಲಿ ಈ ಹಂತಕ್ಕೆ ಬರದ ಹಾಗೆ ಮೊದಲೇ ತಿಂಗಳ ಲೆಕ್ಕ ಹಾಕಿಕೊಳ್ಳಿ.

ಹೊಲಕ್ಕೆ ಹಾಕುವಾಗ ಪ್ರತಿ ಸಾಲಿನ ಪಕ್ಕದಲ್ಲಿ ತಾಯಿಗಿಡದ ಕಾಂಡದ ತುಂಡನ್ನೂ ನೆಡಿ. ಕ್ಯಾಲಸ್‌ನಿಂದ ಬಂದ ಗಿಡ ತಾಯಿಯ ಹಾಗೆಯೇ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ತಳಿ ಸುಧಾರಕರಿಗೆ ಆ ವ್ಯತ್ಯಾಸವೇ ಬೇಕಾದದ್ದು, ಶುದ್ಧ ತಳಿ ಉಳಿಸುವವರಿಗೆ ಅದೇ ತಲೆನೋವು. ಎಲೆಯ ಅಗಲ, ಕಾಂಡದ ದಪ್ಪ, ತೆಂಡೆಯ ಸಂಖ್ಯೆ, ಎಲೆಯ ಮೇಲಿನ ರೋಮ ಬರೆದಿಡಿ. ವರ್ಣತಂತು ದುಪ್ಪಟ್ಟು ಮಾಡಿದ್ದರೆ ಬೇರಿನ ತುದಿಯಲ್ಲಿ ಎಣಿಸಿ ನೋಡದೆ ನಂಬಬೇಡಿ. ಮೊದಲ ಕೊಯ್ಲು ಸುಮಾರು 75 ದಿನಕ್ಕೆ, ಅದರ ನಂತರದ್ದು 45 ದಿನಕ್ಕೆ. ಮೊದಲ ಕೊಯ್ಲಿನಲ್ಲಿ ಲ್ಯಾಬಿನ ಪ್ರಭಾವ ಇನ್ನೂ ಉಳಿದಿರುತ್ತದೆ. ತೆಂಡೆ ಜಾಸ್ತಿ, ಎತ್ತರ ಕಡಿಮೆ ಇರಬಹುದು. ಹಾಗಾಗಿ ಎರಡನೇ ಕೊಯ್ಲಿನ ತೂಕ ಕೈಗೆ ಬರುವವರೆಗೂ ಯಾವ ಗಿಡವನ್ನೂ ಆರಿಸಬೇಡಿ, ಕೀಳಲೂ ಬೇಡಿ, ಅದೇ ಸಾಲಿನ ಒಂದೆರಡು ಬಾಟಲಿ ಸಸಿಗಳನ್ನು ಲ್ಯಾಬಿನಲ್ಲಿ ಉಳಿಸಿಕೊಂಡಿರಿ.